ತುತ್ತೂರಿಯ ಬಾಯಿಗೆ

ಬ್ಯಾಂಡ್‌ಸೆಟ್ಟಿನ ಸಗಾಯಪ್ಪನ ಟ್ರಂಪೆಟ್ಟಿಗೆ
ಮಂಡಿ ಮೊಹಲ್ಲಾದ ನಮ್ಮ ವಠಾರ
ಮೊದಲು ಕೊಟ್ಟದ್ದು ತೆಂಗಿನ ಚಿಪ್ಪು.
ಆಡು ಕೆಮ್ಮಿದಂತಾಯಿತು.
ಆಮೇಲೆ ಮಂಕಿಟೋಪಿ.
ಆನೆಗೆ ನೆಗಡಿ.

ಗುಜರಿ ಪುಟ್ಟಮಾದ ಖಾಲಿ ಡ್ರಮ್ಮು ಉರುಳಿಸಿಕೊಂಡು ಬಂದ:
"ಇದರೊಳಗೆ ತಲೆಯಿಟ್ಟು ಊದಣ್ಣ,
ಹೊರಗೆ ಕೇಳಿದರೆ ನನ್ನ ಕಿವಿ ಕೊಯ್ಯಿ."
ಊದಿದ.
ಮೂರನೇ ಕ್ರಾಸಿನವರು
ನೀರಿನ ಟ್ಯಾಂಕರ್ ಬಂತೆಂದು
ಕೊಡ ಹಿಡಿದು ಓಡಿಬಂದರು.

ನಮ್ಮಜ್ಜಿ ಮಾತಾಡಲಿಲ್ಲ.
ಬಿಸಿ ಮುದ್ದೆ ತಂದು ಬಾಯಿಗೆ ಜಡಿದಳು,
ತುತ್ತೂರಿಯ ಬಾಯಿಗೆ.
ಅಬ್ಬ!
ಪಿಯುಸಿ ಹುಡುಗಿ ಪುಟ ಮಗುಚಿದ್ದು ಕೂಡ ಕೇಳಿಸಿತು.

ಮುದ್ದೆ ತೆಗೆಯಲು ಮರೆತ.
ರಾತ್ರಿಯಿಡೀ ಒಣಗಿ ಗುಂಡಾಯಿತು.
ಮರುದಿನ ಛತ್ರದ ಬಾಗಿಲಲ್ಲಿ
ಮದುಮಗ ಕಾರಿಳಿದ, ಸಗಾಯಪ್ಪ ಕೆನ್ನೆ ಉಬ್ಬಿಸಿದ,
ಬೀಗರ ಜರಿಪೇಟ ಹಾರಿತು.

ಬೈಗುಳ ತಿಂದು ಬಂದವನನ್ನು
ಅಜ್ಜಿ ಕೇಳಿದ್ದು ಇಷ್ಟೇ:
"ಗಂಟಿತ್ತೇನಪ್ಪ, ಮುದ್ದೇಲಿ?"