ಕಿರುಬೆರಳ ಕಡೆಯ ದಾರಿ

"ಬಲೆ ಹೆಣೆಯುವ ಕೈ ಇದು, ಸಿಸ್ಟರ್"
ಎಂದ ಬೈತಖೋಲದ ಪುರ್ಸೊ ದುರ್ಗೇಕರ.
ಹೃದಯದ ಮಾತೇ ಎತ್ತಲಿಲ್ಲ.
ಎದೆ ಹೋದರೆ ಹೋಗಲಿ ಅನ್ನುವ ಹಾಗೆ
ಬಲಗೈಯನ್ನು ಹಸಿರು ಬಟ್ಟೆಯ ಮೇಲೆ
ಪೇಟೆಯಲ್ಲಿ ಇಸವಾಣ ಇಡುವಂತೆ ಇಟ್ಟ.

ಹೆಬ್ಬೆರಳ ಬುಡದಲ್ಲಿ ಎಲ್ಲರೂ ಹುಡುಕುವ ನಾಡಿ
ಅವನಿಗೂ ಇತ್ತು, ಇದ್ದೂ ಇಲ್ಲದಂತೆ,
ಸ್ಕ್ಯಾನಿನ ಪರದೆಯಲ್ಲಿ ಒಂದು ದಾರದೆಳೆ.
ಕಿರುಬೆರಳ ಕಡೆಯದು ಮಾತ್ರ
ಭರತದ ಹೊತ್ತಿನ ಕಾಳಿ.
"ಇಲ್ಲಿಂದಲೇ ಹೋಗೋಣ" ಅಂದರು ಡಾಕ್ಟರು,
ಚಹಾಕ್ಕೆ ಯಾವ ಹೋಟೆಲು ಎನ್ನುವಷ್ಟು ಸಲೀಸಾಗಿ.

ನನಗೆ ಸಲೀಸಾಗಿರಲಿಲ್ಲ.
ಹನ್ನೆರಡು ವರ್ಷ ಹೆಬ್ಬೆರಳ ಕಡೆಯೇ ಒತ್ತಿದವಳು.
ಅಲ್ಲಿ ಅಡಿಗೆ ಮೂಳೆಯಿದೆ, ಒತ್ತಿದರೆ ರಕ್ತ ನಿಲ್ಲುತ್ತದೆ.
ಇಲ್ಲಿ ನಾಳ ಆಳ, ಮಗ್ಗುಲಲ್ಲೇ ನರ,
ಒಂದೇ ಚಾಪೆಯ ಅಣ್ಣತಮ್ಮಂದಿರು,
ಒಬ್ಬನನ್ನು ಮುಟ್ಟಿದರೆ ಇನ್ನೊಬ್ಬ ಏಳುತ್ತಾನೆ.

ಮುಷ್ಟಿ ಬಿಗಿ ಅಂದೆ.
ಎರಡೂ ನಾಡಿ ಅದುಮಿ ಹಿಡಿದೆ.
ಬಿಚ್ಚು.
ಅಂಗೈ ಸುಟ್ಟ ಚಿಪ್ಪಿನಂತೆ ಬಿಳಿ.
ಹೆಬ್ಬೆರಳ ಕಡೆ ಮಾತ್ರ ಬೆರಳು ಸಡಿಲಿಸಿದೆ.
ಒಂದು, ಎರಡು, ಮೂರು...
ಆ ದಾರದೆಳೆ, ಆ ಬಡವ,
ಇಡೀ ಅಂಗೈಗೆ ಕೆಂಪು ಹಚ್ಚಿದ,
ಕಿರುಬೆರಳಿನ ಉಗುರಿನವರೆಗೂ.
ದೊಡ್ಡದು ಮುನಿದರೂ ಮನೆ ನಡೆಯುತ್ತದೆ ಅಂದುಕೊಂಡೆ.

ನನ್ನಪ್ಪ ಸೇತುವೆ ಬರುವ ಮುಂಚೆ
ಕೋಡಿಬಾಗದಿಂದ ಸದಾಶಿವಗಡಕ್ಕೆ ದೋಣಿ ಹಾಯಿಸುತ್ತಿದ್ದ.
"ನಿನ್ನೆ ಆ ಕಡೆಯಿಂದ ಹೋದೆ, ಇವತ್ತೇಕೆ ಈ ಕಡೆ?"
ಕೇಳಿದವರಿಗೆ ಅನ್ನುತ್ತಿದ್ದ,
"ರೇತಿ ನನ್ನ ಕೇಳಿ ಕೂತಿದ್ದಲ್ಲ."
ಅಷ್ಟೇ. ಮಾತಿನವನಲ್ಲ.

ಸೂಜಿ ಹೋದಾಗ ಪುರ್ಸೊ ಪರದೆ ನೋಡಲಿಲ್ಲ,
ತನ್ನ ಎದೆ ಅಲ್ಲಿ ಕಪ್ಪು ಕೊಂಬೆಯಾಗಿ ಆಡುತ್ತಿದ್ದರೂ.
ನೋಡಿದ್ದು ಕಿರುಬೆರಳನ್ನೇ.
ದಾರ ಸುತ್ತಿ ಬಿಗಿ ಹಿಡಿಯುವುದು ಅದು,
ಕಣ್ಣಿಯ ಅಳತೆ ಬಲ್ಲದ್ದೂ ಅದು.
"ಜುಮ್ ಅಂತದಾ?"
"ಇಲ್ಲ."
"ಈಗ?"
"ಇಲ್ಲ ಮಾರಾಯ್ತಿ, ನೀನು ಕೇಳಿ ಕೇಳಿಯೇ ಜುಮ್ ಅನ್ನಿಸ್ತೀ."

ಸ್ಪ್ರಿಂಗು ಕೂತಿತು.
ರಾತ್ರಿ ಮಣಿಕಟ್ಟಿಗೆ ಗಾಳಿಯ ಪಟ್ಟಿ.
ಸಿರಿಂಜಿನಿಂದ ಎರಡೇ ಎಂಎಲ್ ಗಾಳಿ ಎಳೆದು ಕಾಯುವುದು,
ಮತ್ತೆ ಎರಡು, ಮತ್ತೆ ಕಾಯುವುದು.
ಹನ್ನೊಂದಕ್ಕೆ ಪ್ಲಾಸ್ಟಿಕ್ಕಿನ ಕಿಟಕಿಯಲ್ಲಿ ಒಂದು ಕೆಂಪು ಹನಿ.
ತೆಗೆದ ಗಾಳಿಯನ್ನು ಮರಳಿ ತುಂಬಿದೆ.
ಅವನಿಗೆ ಗೊರಕೆ.
ನಾನು ಹನಿಯನ್ನೇ ನೋಡುತ್ತ ಕೂತೆ,
ಅದು ನನ್ನನ್ನು ನೋಡುತ್ತ ಕೂತಿತು.
ಹಿಗ್ಗಲಿಲ್ಲ.
ನಡುವೆ ನನ್ನದೇ ಕೈ ತಿರುಗಿಸಿ
ಕಿರುಬೆರಳ ಕಡೆ ತಡಕಿದೆ.
ಎಷ್ಟೋ ಹೊತ್ತು ಸಿಗಲಿಲ್ಲ.
ಆಮೇಲೆ, ಆಳದಲ್ಲಿ,
ಹೆಸರು ಕರೆಯದೆಯೂ ಕೆಲಸ ಮಾಡುವವರ ಹಾಗೆ.

ಬಂದರಿನಲ್ಲಿ ಟ್ರಾಲರು ಇಂಜಿನ್ನುಗಳು ಕೆಮ್ಮುವ ಹೊತ್ತಿಗೆ
ಪಟ್ಟಿ ಬಿಚ್ಚಿದೆ.
ಮುರುಗಲು ನೀರಿನ ಬಣ್ಣದ ಕಲೆ, ಎಂಟಾಣೆಯಷ್ಟು.
ಎರಡೂ ನಾಡಿ ಇದ್ದವು, ಎಣಿಸಿ ಬರೆದೆ.
ಬಾಗಿಲಲ್ಲಿ ಹೆಂಡತಿ ಕೇಳಿದಳು, "ಈ ಕಡೆಯಿಂದ ಮಾಡಿದ್ದು ಸೇಫಾ?"
ಅವನ ಕೈ ಹಿಡಿದು ತೋರಿಸಿದೆ.
ಬೆಚ್ಚಗಿತ್ತು. ಎಲ್ಲರಿಗೂ ಹೀಗೇ ಎಂದು
ಹೇಳಲು ನನಗೆ ಬಾರದು.

ಅವನು ಹೋದ ಮೇಲೆ ಹಾಸಿಗೆ ಬದಲಿಸುವಾಗ ಕಂಡದ್ದು:
ಚಾದರದ ಅಂಚಿನ ಬಿಟ್ಟ ನೂಲುಗಳನ್ನೆಲ್ಲ
ಬಲೆಯ ಗಂಟು ಹಾಕಿ ಜೋಡಿಸಿದ್ದ,
ಏಳು ಕಣ್ಣಿ,
ಒಂದೇ ಅಳತೆ.
ಆರನೆಯದು ತುಸು ಸಡಿಲ.
ಲಾಂಡ್ರಿಯವ ಬಯ್ಯುತ್ತಾನೆ.
ಬಯ್ಯಲಿ.