ನಾಲ್ಕು ಗಂಟೆಯ ಒಲೆ

ಚಿಲಿಯ ದಕ್ಷಿಣದ ಅಂಚು, ಕೊಯಾಯ್ಕೆಯ ಕಣಿವೆ.
ಅದನ್ನು ಚೌಕ ಚೌಕ ಕೊಯ್ದು ಕಂಪ್ಯೂಟರಿನಲ್ಲಿ ಹರವಿದ್ದೇನೆ;
ಒಂದೊಂದು ಚೌಕಕ್ಕೂ ಗಾಳಿ, ತೇವ, ಶಾಖ,
ಈ ಚಳಿಗಾಲದಿಂದ ಹೊಗೆಯೂ.

ಮೊದಲೆಲ್ಲ ಎರಡು ಬೇರೆ ಲೆಕ್ಕ.
ಹವೆಯದು ಮುಗಿದ ಮೇಲೆ
ಗಾಳಿಯ ಬೆನ್ನಿಗೆ ಹೊಗೆಯ ಮೂಟೆ ಹೊರಿಸಿ ಕಳಿಸುತ್ತಿದ್ದೆವು.
ಹೊತ್ತ ಬೆನ್ನು ಬಾಗುತ್ತದೆಯೇ ಎಂದು
ಯಾರೂ ಕೇಳಿರಲಿಲ್ಲ.

ಈಗ ಇಬ್ಬರನ್ನೂ ಒಂದೇ ಮನೆಯಲ್ಲಿ ಕೂಡಿಹಾಕಿದೆ.
ಹೊಗೆ ಬಿಸಿಲನ್ನು ತಡೆಯಿತು. ನೆಲ ತಣ್ಣಗಾಯಿತು.
ತಣ್ಣನೆ ಗಾಳಿ ತಳ ಬಿಟ್ಟು ಏಳಲೊಲ್ಲದು,
ಮೇಲೆ ಬೆಚ್ಚನೆ ಪದರ, ಮುಚ್ಚಳ ಹಾಕಿದ ಹಾಗೆ.
ಚಳಿಯೆಂದು ಜನ ಇನ್ನೊಂದು ಕೊರಡು ಒಲೆಗಿಟ್ಟರು.

ಎಲ್ಲ ಸರಿಹೋಯಿತು, ಬೆಳಗಿನ ನಾಲ್ಕು ಗಂಟೆಯೊಂದನ್ನು ಬಿಟ್ಟು.
ಮುನ್ನೂರ ಹದಿನೇಳನೇ ಚೌಕ.
ನನ್ನ ಲೆಕ್ಕದಲ್ಲಿ ಒಲೆಗಳೆಲ್ಲ ಬೂದಿ, ಊರು ನಿದ್ದೆ;
ಅಳೆಯುವ ಯಂತ್ರ ಮಾತ್ರ ಕೆಮ್ಮುತ್ತಿದೆ.
ನೈಟ್ರೇಟು ತಿದ್ದಿದೆ, ಗಾಳಿಯ ವೇಗ ತಿದ್ದಿದೆ,
ಗುಡ್ಡದ ಎತ್ತರದ ಮೇಲೂ ಅನುಮಾನಪಟ್ಟೆ.

ಕೊನೆಗೆ ಕೋಟು ಹಾಕಿಕೊಂಡು ಚೌಕದೊಳಕ್ಕೇ ನಡೆದೆ.
ನಾಯಿಗಳು. ಹೆಪ್ಪುಗಟ್ಟಿದ ಕೆಸರು. ಒಂದು ಕಿಟಕಿಗೆ ಬೆಳಕು.
ಎರ್ಸಿಲಿಯಾ ಮಾನ್ಸಿಯಾ, ಎಪ್ಪತ್ತರ ಹತ್ತಿರ,
ಆರಕ್ಕೆ ಹೊರಡುವ ಮೀನು ಕಾರ್ಖಾನೆಯ ಬಸ್ಸಿಗೆ
ರೊಟ್ಟಿ ಸುಡುತ್ತಾಳೆ.
ಲೆಂಗಾ ಮರದ ಹಸಿ ಸೌದೆ,
ತುದಿಯಲ್ಲಿ ನೀರು ನೊರೆಯಾಗಿ ಬುಸುಗುಡುತ್ತಿತ್ತು.
ಒಣಗಿದ್ದಕ್ಕೆ ಒಂದೂವರೆ ಪಟ್ಟು ಬೆಲೆ, ಅಂದಳು.
ಈ ಬೀದಿಯಲ್ಲಿ ಇಷ್ಟೊತ್ತಿಗೆ ಹನ್ನೊಂದು ಒಲೆ ಏಳುತ್ತವಂತೆ.

"ದಂಡ ಹಾಕುವವಳಾ ನೀನು?"
ಅಲ್ಲ, ನಾಳೆಯ ಗಾಳಿ ಹೇಳುವವಳು.
"ನನ್ನ ಮಂಡಿ ಹೇಳುತ್ತದೆ. ನೋವಿಲ್ಲದ ದಿನ ಗಾಳಿಯಿಲ್ಲ.
ಗಾಳಿಯಿಲ್ಲದ ದಿನ ಕೆಮ್ಮು.
ಕೆಮ್ಮಿದರೆ ಬಾಗಿಲು ಮುಚ್ಚಿ ಇನ್ನೊಂದು ಕೊರಡು."
ನಾಲ್ಕು ವರ್ಷ ಹಿಡಿದಿತ್ತು ನನಗೆ, ಇಷ್ಟನ್ನು ಬರೆಯಲು.

ವಾಪಸು ಬಂದು ಕೋಷ್ಟಕದ ನಾಲ್ಕರ ಸಾಲಿನಲ್ಲಿ
ಸೊನ್ನೆ ಅಳಿಸಿ ಹನ್ನೊಂದು ಬರೆದೆ.
ಹೆಸರಿಗೆ ಜಾಗವಿಲ್ಲ ಅಲ್ಲಿ.
ಓಡಿಸಿದೆ. ನನ್ನ ಗೆರೆ ಯಂತ್ರದ ಗೆರೆಯ ಪಕ್ಕಕ್ಕೆ
ಬಂದು ನಿಂತಿತು, ಭುಜ ತಾಗುವಷ್ಟು ಹತ್ತಿರ.

ಶುಕ್ರವಾರಕ್ಕೆ ಕೆಂಪು ಎಚ್ಚರಿಕೆ:
ಸೌದೆ ಒಲೆ ಹಚ್ಚಕೂಡದು.
ಕೆಳಗೆ ನನ್ನ ಸಹಿ ಬೇಕು.

ಪೆನ್ನು ಹುಡುಕುವಾಗ ಜೇಬಿನಲ್ಲಿ ಸಿಕ್ಕಿದ್ದು
ಅವಳು ತುರುಕಿ ಕಳಿಸಿದ ರೊಟ್ಟಿ, ಇನ್ನೂ ಬೆಚ್ಚಗೆ.
ಮುರಿದೆ. ಒಳಗೆ ತುಸು ಹೊಗೆಯ ವಾಸನೆ.
ಉಪ್ಪು ಸರಿಯಾಗಿತ್ತು.