ಕಾಯುವ ಲೆಕ್ಕ

ಕೆಲಸವಿಲ್ಲದ ಪ್ರೊಸೆಸರು ಮಲಗುತ್ತದೆ.
ಅಷ್ಟೇ ಆಗಿದ್ದರೆ ಸಿರ್ಕಾ
ಔಲುವಿನ ಕೊನೆಯ ಬಸ್ಸು ಹಿಡಿದು
ಇಷ್ಟು ಹೊತ್ತಿಗೆ ಮನೆಯಲ್ಲಿರುತ್ತಿದ್ದಳು.

ಆದರೆ ಇದು ಬಾಡಿಗೆಮನೆಯ ನಿದ್ದೆ.
ವರ್ಚುವಲ್ ಮಷಿನ್ನಿಗೆ ಎಲ್ಲ ತನ್ನದೆಂದೇ ಭ್ರಮೆ,
ಗೋಡೆ ತನ್ನದು, ಒಲೆ ತನ್ನದು;
ಕಣ್ಣು ಮುಚ್ಚುವ ಮುನ್ನ ಮಾತ್ರ
ಹಾಸಿಗೆ ಸುತ್ತಿ, ಕದ ಎಳೆದು,
ಬೀಗದ ಕೈ ಕೆಳಗಿನ ಯಜಮಾನನಿಗೆ ಒಪ್ಪಿಸಬೇಕು.
ಮಲಗಿದ್ದು ಎಷ್ಟು? ಮೂರು ಮೈಕ್ರೊಸೆಕೆಂಡು.
ಅಷ್ಟರಲ್ಲಿ ಬಾಗಿಲಿಗೆ ಯಾರೋ:
ಒಂದು ಪ್ಯಾಕೆಟ್ಟು, ಯಾರದೋ ರೈಲು ಟಿಕೆಟ್ಟಿನ ವಿಚಾರಣೆ.
ಯಜಮಾನ ಬಂದು, ಗೊಂಚಲು ತಡಕಿ,
ಸುತ್ತಿದ ಹಾಸಿಗೆ ಮತ್ತೆ ಬಿಚ್ಚಿ,
ಎಲ್ಲಿಗೆ ನಿಲ್ಲಿಸಿದ್ದೆ ಎಂದು ನೆನಪಿಸಿ
ಐವತ್ತು.
ಮಲಗಿದ್ದಕ್ಕಿಂತ ಎದ್ದದ್ದೇ ದುಬಾರಿ.

ಗ್ರಾಫಿನಲ್ಲಿ ಅದು ಗರಗಸ.
ನಾಲ್ಕು ರಾತ್ರಿಯಿಂದ ಅದರ ಹಲ್ಲು ಎಣಿಸುತ್ತಿದ್ದಾಳೆ.
ಹೊರಗೆ ಮೈನಸ್ ಇಪ್ಪತ್ತಾರು. ಕಾಫಿ ಆರಿದೆ.

ಐದನೆಯ ರಾತ್ರಿ ನೆನಪಾದದ್ದು ಸೋದರಮಾವ ಆರ್ಮಸ್.
ಅವನದು ಕಡವಿನ ಕೆಲಸ:
ಉಕ್ಕಿನ ಹಗ್ಗ ಹಿಡಿದು ನಡೆಯುವ ಹಳದಿ ಹಲಗೆ, ಆರು ಕಾರು ಹಿಡಿಸುವಷ್ಟು.
ಕೊನೆಯ ಕಾರು ಇಳಿದ ಮೇಲೂ ಇಂಜಿನ್ ನಿಲ್ಲಿಸುತ್ತಿರಲಿಲ್ಲ.
ತಣ್ಣಗಾದರೆ ಅದನ್ನು ಮತ್ತೆ ಒಲಿಸಲು
ಕಾಲು ಗಂಟೆ, ಮೂರು ಬೈಗುಳ.
ಅದಕ್ಕೇ ಆಚೆ ದಡಕ್ಕೆ ಕಣ್ಣು ನೆಟ್ಟು
ಕೈಯಲ್ಲಿ ರೈ ರೊಟ್ಟಿ ಹಿಡಿದು ಕೂತಿರುತ್ತಿದ್ದ.
ಶನಿವಾರ, ಕುಣಿತದ ಮನೆ ಬಿಡುವ ಹೊತ್ತಿಗೆ, ಹೆಚ್ಚು;
ಮಂಗಳವಾರ ರೊಟ್ಟಿ ಮುಗಿಯುವ ತನಕ.
ಯಾರಾದರೂ ಬಂದರೆ ಮರುಸಲ ಇನ್ನಷ್ಟು ಕಾದಾನು,
ಬಾರದಿದ್ದರೆ ಅರ್ಧಕ್ಕಿಳಿಸಿಯಾನು.
ಹಿಲ್ಕಾ ಅತ್ತೆ ಡೀಸೆಲ್ಲಿನ ಲೆಕ್ಕ ಬರೆಯುತ್ತಿದ್ದಳು
ಕೆಂಪು ಪೆನ್ಸಿಲಿನಲ್ಲಿ.

ಸಿರ್ಕಾ ಬರೆದದ್ದೂ ಇಷ್ಟೇ, ಮೂವತ್ತೆಂಟು ಸಾಲು:
ಕೂಡಲೇ ಮಲಗಬೇಡ.
ಬೀಗದ ಕೈ ಮುಷ್ಟಿಯಲ್ಲೇ ಇರಲಿ.
ಇನ್ನೂರು ಮೈಕ್ರೊಸೆಕೆಂಡು ಹೊಸ್ತಿಲಲ್ಲಿ ಕೂತು
ಬಂದರೇ, ಬಂದರೇ, ಬಂದರೇ ಎಂದು ಕೇಳುತ್ತಿರು.
ಕೋಳಿನಿದ್ದೆಯೂ ಬೇಡ.
ಪಕ್ಕದ ಬಾಡಿಗೆಯವನು ಒಲೆಗಾಗಿ ಸಾಲಿನಲ್ಲಿ ನಿಂತಿದ್ದರೆ ಮಾತ್ರ
ಹಟ ಮಾಡದೆ ಕೀಲಿ ಕೊಟ್ಟು ಮಲಗು;
ನಿನ್ನ ಎಚ್ಚರ ಅವನ ಅನ್ನ ತಿನ್ನಬಾರದು.

ಗರಗಸದ ಹಲ್ಲು ಉದುರಿದವು.
ಎರಡು ಉಳಿದವು. ಯಾಕೆಂದು ಅವಳಿಗೂ ಗೊತ್ತಿಲ್ಲ.

ಬ್ರನೋದಿಂದ ರಾಡೊವಾನ್ ಕೇಳಿದ:
ಏನೂ ಮಾಡದೆ ಎಚ್ಚರವಿರುವುದಕ್ಕೆ
ಕರೆಂಟು ಯಾರಪ್ಪನ ಮನೆಯದು?
ಆ ಶಾಖ ಕೊಳವೆಯಲ್ಲಿ ಹರಿದು
ನಮ್ಮೂರ ಈಜುಕೊಳದ ನೀರು ಬಿಸಿಮಾಡುತ್ತದೆ
ಎಂದು ಬರೆದು, ಅದು ಉತ್ತರವಲ್ಲ ಅನ್ನಿಸಿ, ಅಳಿಸಿದಳು.
(ಕನ್ನಡದಲ್ಲಿ ಅದು ಉತ್ತರವೇ.
ನಾವು ಬಾಗಿಲು ಕಾಯುತ್ತೇವೆ, ನೀರೂ ಕಾಯುತ್ತದೆ,
ಒಂದೇ ಕ್ರಿಯಾಪದ.
ಸಿರ್ಕಾಳಿಗೆ ಆ ಸೌಕರ್ಯವಿಲ್ಲ.)
ಅಂಕಿಗಳ ಕೋಷ್ಟಕ ಕಳಿಸಿದಳು.

ಮರುದಿನ ಮತ್ತೆ ಅವನೇ:
ನಿನ್ನ ಕೋಷ್ಟಕದಲ್ಲೇ ಇದೆ, ನೂರೈವತ್ತು ಸಾಕು.
ಇನ್ನೂರು ಎಲ್ಲಿಂದ ಬಂತು?

ಒಂದು ಜನವರಿ, ಮಾವ ಇಂಜಿನ್ ನಿಲ್ಲಿಸಿ
ಕೈಗವಸು ಕಳಚುವಾಗ ಆಚೆ ದಡದ ಗಂಟೆ ಬಾರಿಸಿತು.
ಇಂಜಿನ್ ಒಲಿಸಿ, ದಾಟಿ ಹೋಗುವಷ್ಟರಲ್ಲಿ
ದಡದಲ್ಲಿ ಯಾರೂ ಇಲ್ಲ.
ಹಿಮದ ಮೇಲೆ ಒಂದೇ ಜೊತೆ ಹೆಜ್ಜೆ:
ಬಂದು,
ಗಂಟೆಯ ಬುಡದಲ್ಲಿ ಬಹಳ ಹೊತ್ತು ತುಳಿದಾಡಿ,
ಹಿಂದಿರುಗಿತ್ತು.
ಯಾರೆಂದು ಕೊನೆಗೂ ತಿಳಿಯಲಿಲ್ಲ.
ಅಂದಿನಿಂದ ಅವನ ಕಾಯುವ ಲೆಕ್ಕಕ್ಕೆ ಒಂದು ನಿಮಿಷ ಜಾಸ್ತಿ,
ಮಂಗಳವಾರವೂ,
ರೊಟ್ಟಿ ಮುಗಿದ ಮೇಲೂ.

"ಅಳೆದು ನೋಡಿದ್ದೇನೆ" ಎಂದು ಬರೆದು
ಸಿರ್ಕಾ ಪರದೆ ಮುಚ್ಚಿದಳು.
ಕೋಟು ಹಾಕಿಕೊಂಡವಳು
ಯಾಕೋ ಇನ್ನೂ ಸ್ವಲ್ಪ ಹೊತ್ತು
ನಿಂತೇ ಇದ್ದಳು.